ಒಗೆದ್ರೆ ಹೋಗುತ್ತಾ ಈ ಮಸಿ? 250 ವರ್ಷ ಹಳೇ ಪ್ರಶ್ನೆ

ಭಾಗ 1/10: ಒಂದು ಸ್ಟೋರಿ, ಒಂದು ರಿಪ್ಲೈ

ಹೋದ ತಿಂಗಳು ನಾನು ಹಾಕಿದ್ದ ಒಂದು ಸ್ಟೋರಿ ಕೆಲವರಿಗಾದ್ರೂ ನೆನಪಿರಬಹುದು. ಬೆಂಕಿ ಆರಿಸಿ ಆಗಷ್ಟೇ ಹೊರಗೆ ಬಂದ ಅಮೆರಿಕದ ಫೈರ್‌ಫೈಟರ್ ಒಬ್ಬರ ಫೋಟೊ. ಮುಖದ ಮೇಲೆ ಮಾಸ್ಕ್ ಕೂತಿದ್ದ ಗುರುತು, ಗಲ್ಲದ ಅಂಚಿಗೆ, ಕುತ್ತಿಗೆಗೆ ಕರೀ ಮಸಿ. ಅದರ ಮೇಲೆ "ಅಸಲಿ ಹೀರೋ ಮೇಕಪ್" ಅಂತ ಬರೆದಿದ್ದೆ. ತುಂಬಾ ಜನ ಹಾರ್ಟ್ ಒತ್ತಿದ್ರಿ, ಥ್ಯಾಂಕ್ಸ್.

ಕೆಮಿಸ್ಟ್ರಿ ಓದ್ತಿರೋ ನಮ್ಮ ಸೀನಿಯರ್ ಅಕ್ಕ ಒಬ್ರು ಮಾತ್ರ ಹಾರ್ಟ್ ಒತ್ತಲಿಲ್ಲ. "ಕುತ್ತಿಗೇಲಿ ಇಳಿಬಿಟ್ಟಿದ್ದಾರಲ್ಲ ಆ ಟೋಪಿ, ಅದನ್ನ ಒಗೆದು ಎಷ್ಟು ದಿನ ಆಯ್ತು ಅಂತ ಕೇಳೋ ನಿನ್ನ ಹೀರೋನ" ಅಂತ ಒಂದೇ ಸಾಲು ಕಳಿಸಿದ್ರು.

ಮೊದಲು ನಗು ಬಂತು. ಆಮೇಲೆ ಫೋಟೊ ಜೂಮ್ ಮಾಡಿ ನೋಡ್ದೆ. ಹೌದು, ಕುತ್ತಿಗೆ ಸುತ್ತ ಸುಕ್ಕುಸುಕ್ಕಾಗಿ ಬಿದ್ದಿರೋ ಒಂದು ಬಟ್ಟೆ ಇತ್ತು. ಇಂಗ್ಲಿಷಲ್ಲಿ ಅದಕ್ಕೆ ಹುಡ್ ಅಂತಾರೆ. ನಮ್ಮ ಚಳಿಗಾಲದ ಮಂಕಿ ಕ್ಯಾಪ್ ಇದೆಯಲ್ಲ, ಹೆಚ್ಚುಕಡಿಮೆ ಅದೇ ಆಕಾರ. ತಲೆ, ಕಿವಿ, ಗಲ್ಲ, ಕುತ್ತಿಗೆ ಎಲ್ಲ ಮುಚ್ಚುತ್ತೆ. ಉಸಿರಾಟದ ಮಾಸ್ಕ್ ಕೂರೋಕೆ ಮುಖದ ಜಾಗ ಮಾತ್ರ ತೆರೆದಿರುತ್ತೆ. ಉಣ್ಣೆಯ ಬದಲು ಸುಲಭಕ್ಕೆ ಬೆಂಕಿ ಹತ್ತದ ನೂಲಿನಲ್ಲಿ ಹೆಣೆದಿರ್ತಾರೆ.

ಈ ಸರಣಿ ಆ ಟೋಪಿಯ ಬಗ್ಗೆ. ಇನ್ನೂ ಸರಿಯಾಗಿ ಹೇಳ್ಬೇಕು ಅಂದ್ರೆ, ಅದನ್ನ ಒಗೆಯೋದರ ಬಗ್ಗೆ. ಬಟ್ಟೆ ಒಗೆಯೋದಕ್ಕೂ ಚರಿತ್ರೆ ಇರುತ್ತಾ ಅಂತ ನಗಬೇಡಿ. ಇದೆ. ಅದು ಶುರುವಾಗೋದು 1775ರ ಲಂಡನ್‌ನಲ್ಲಿ, ಒಬ್ಬ ಸರ್ಜನ್ ಮತ್ತು ಚಿಮಣಿ ಗುಡಿಸೋ ಹುಡುಗರಿಂದ. ಟೋಪಿಯ ಹತ್ತಿರ ಬರೋಕೆ ನಾಲ್ಕು ಭಾಗ ಕಾಯಬೇಕು. ಬಸ್ಸಲ್ಲಿ ಕೂತು ಓದ್ಕೊಳ್ಳಿ.

ಭಾಗ 2/10: ಚಿಮಣಿಯೊಳಗಿನ ಹುಡುಗರು

18ನೇ ಶತಮಾನದ ಲಂಡನ್. ಚಳಿ ಕಾಯೋಕೆ, ಅಡುಗೆಗೆ, ಎಲ್ಲದಕ್ಕೂ ಕಲ್ಲಿದ್ದಲು. ಹೊಗೆ ಹೋಗೋಕೆ ಕಿರಿದಾದ, ಅಂಕುಡೊಂಕು ಚಿಮಣಿ. ಒಳಗೋಡೆಗೆ ಅಂಟಿದ ಮಸಿಯನ್ನ ಆಗಾಗ ಕೆರೆದು ತೆಗೀದಿದ್ರೆ ಅದಕ್ಕೇ ಬೆಂಕಿ ಹತ್ತಿಕೊಳ್ಳೋ ಭಯ. ದೊಡ್ಡವರು ಅದರೊಳಗೆ ತೂರೋಕಾಗಲ್ಲ. ಹಾಗಾಗಿ ಬಡವರ ಮಕ್ಕಳನ್ನ, ಅನಾಥ ಮಕ್ಕಳನ್ನ ಹತ್ತಿಸ್ತಿದ್ರು. ಆರೇಳು ವರ್ಷದ ಹುಡುಗರು. ಬಟ್ಟೆ ಎಲ್ಲಾದ್ರೂ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಎಷ್ಟೋ ಸಲ ಬರೀ ಮೈಯಲ್ಲೇ ಹತ್ತಬೇಕಿತ್ತು. ರಾತ್ರಿ ಮಸಿಯ ಚೀಲವನ್ನೇ ಹೊದ್ದು ಮಲಗೋರು. ಸ್ನಾನ ಅನ್ನೋದು ಅಪರೂಪ.

ಅದೇ ಊರಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಪರ್ಸಿವಲ್ ಪಾಟ್ ಅಂತ ಒಬ್ಬ ಸರ್ಜನ್ ಇದ್ದ. ಈ ಹುಡುಗರಲ್ಲಿ ಕೆಲವರು ದೊಡ್ಡವರಾದ ಮೇಲೆ ಒಂದೇ ಥರದ ಹುಣ್ಣು ಹಿಡ್ಕೊಂಡು ಬರ್ತಿದ್ದಾರೆ ಅನ್ನೋದನ್ನ ಆತ ಗಮನಿಸಿದ. ಜಾಗ ವೃಷಣಚೀಲದ ಚರ್ಮ. ಜನ ಅದನ್ನ ಲೈಂಗಿಕ ರೋಗ ಅಂದುಕೊಂಡು ಮೂಗು ಮುರೀತಿದ್ರು, ಕೆಲವು ವೈದ್ಯರೂ ಹಾಗೇ ತಿಳಿದು ಔಷಧಿ ಕೊಡ್ತಿದ್ರು. ಪಾಟ್ 1775ರಲ್ಲಿ ಬರೆದ: ಇದು ಕ್ಯಾನ್ಸರ್, ಚರ್ಮದ ಸುಕ್ಕುಗಳಲ್ಲಿ ಕೂತ ಮಸಿಯೇ ಇದಕ್ಕೆ ಕಾರಣ.

ಒಂದು ಕೆಲಸಕ್ಕೂ ಒಂದು ಕ್ಯಾನ್ಸರಿಗೂ ನೇರವಾಗಿ ಗಂಟು ಹಾಕಿದ ಮೊದಲ ಬರಹ ಅಂತ ಇದನ್ನ ಇವತ್ತೂ ವೈದ್ಯಕೀಯ ಪುಸ್ತಕಗಳು ನೆನೆಯುತ್ತವೆ.

ಇಷ್ಟು ಗೊತ್ತಾದ ಮೇಲೆ ತಕ್ಷಣ ನಿಲ್ಲಿಸಿಬಿಟ್ರಾ? ಇಲ್ಲ. 1788ರ ಕಾಯ್ದೆ ಎಂಟು ವರ್ಷಕ್ಕಿಂತ ಚಿಕ್ಕವರನ್ನ ಇಟ್ಕೋಬಾರದು ಅಂತು, ಯಾರೂ ಕೇಳಲಿಲ್ಲ. 1840ರ ಕಾಯ್ದೆ 21 ವರ್ಷ ಆಗದವರು ಚಿಮಣಿ ಹತ್ತೋದನ್ನೇ ನಿಷೇಧಿಸಿತು, ಆಗಲೂ ಕದ್ದುಮುಚ್ಚಿ ಹತ್ತಿಸಿದ್ರು. ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ ಕಾಯ್ದೆ ಬಂದಿದ್ದು 1875ರಲ್ಲಿ. ಪಾಟ್ ಬರೆದು ಸರಿಯಾಗಿ ನೂರು ವರ್ಷ. ಈ ಅಂತರವನ್ನ ನೆನಪಿಟ್ಕೊಳ್ಳಿ. ಕಾರಣ ಗೊತ್ತಾಗೋದು ಬೇರೆ, ಅಭ್ಯಾಸ ಬದಲಾಗೋದು ಬೇರೆ.

ಭಾಗ 3/10: ಆಚೆ ದೇಶದವರಿಗೆ ಯಾಕೆ ಬರಲಿಲ್ಲ?

ಪಾಟ್ ಬರೆದ ಮೂರೇ ವರ್ಷಕ್ಕೆ, 1778ರಲ್ಲಿ, ಡೆನ್ಮಾರ್ಕಿನ ಚಿಮಣಿ ಗುಡಿಸುವವರ ಸಂಘ ತನ್ನ ಸದಸ್ಯರಿಗೆ ಒಂದು ಮಾತು ಹೇಳಿತು: ದಿನಾ ಸ್ನಾನ ಮಾಡಿ. ಅಷ್ಟೇ. ಔಷಧಿ ಇಲ್ಲ, ಯಂತ್ರ ಇಲ್ಲ. ನಮ್ಮ ಅಜ್ಜಿ ಹೇಳೋ ಥರದ ಮಾತು.

ಇಂಗ್ಲೆಂಡ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ನೂರು ವರ್ಷಕ್ಕೂ ಮೇಲಾಯ್ತು. ಅದೇ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಇನ್ನೊಬ್ಬ ಸರ್ಜನ್ ಹೆನ್ರಿ ಬಟ್ಲಿನ್‌ಗೆ ಒಂದು ವಿಚಿತ್ರ ಕಾಣಿಸ್ತು. ಇಂಗ್ಲೆಂಡಿನಲ್ಲಿ ಇಷ್ಟು ಕಾಣೋ ಈ ಕಾಯಿಲೆ ಯುರೋಪಿನ ಬೇರೆ ದೇಶಗಳ ಚಿಮಣಿ ಕೆಲಸದವರಲ್ಲಿ ತೀರಾ ಅಪರೂಪ. ಕೆಲಸ ಅದೇ, ಮಸಿ ಅದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿ?

ವಿಚಾರಿಸಿ, ಕೇಳಿ, ಹೋಲಿಸಿ 1892ರಲ್ಲಿ ಉಪನ್ಯಾಸಗಳಲ್ಲಿ ಉತ್ತರ ಕೊಟ್ಟ. ಅಲ್ಲಿಯವರು ಮೈಗೆ ಒತ್ತಿ ಕೂರೋ, ಮಸಿ ಒಳಗೆ ನುಸುಳದ ಬಟ್ಟೆ ತೊಡ್ತಾರೆ. ಕೆಲಸ ಮುಗಿದ ಮೇಲೆ ದಿನಾ ಮೈ ತೊಳೀತಾರೆ. ಇಂಗ್ಲಿಷ್ ಕೆಲಸಗಾರರು ಸಡಿಲ ಬಟ್ಟೆಯಲ್ಲಿ ಮಸಿ ತುಂಬ್ಕೊಂಡು, ಅದರಲ್ಲೇ ವಾರಗಟ್ಟಲೆ ಇರ್ತಾರೆ.

ನನಗೆ ಈ ಭಾಗ ತುಂಬಾ ಇಷ್ಟ. ಯಾಕಂದ್ರೆ ಮಸಿಯಲ್ಲಿರೋ ವಿಷದ ಹೆಸರು ಏನು ಅಂತ ಬಟ್ಲಿನ್‌ಗೂ ಗೊತ್ತಿರಲಿಲ್ಲ. ಆದ್ರೂ ಎರಡು ವಿಷಯ ಸ್ಪಷ್ಟವಾಗಿ ಕಂಡಿತ್ತು. ಒಂದು, ಬಟ್ಟೆ ಕಾಪಾಡುತ್ತೆ. ಎರಡು, ಒಗೆಯದ ಬಟ್ಟೆ ಕಾಪಾಡಲ್ಲ, ಅದು ಮಸಿಯನ್ನ ಮೈಗೆ ಒತ್ತಿ ಹಿಡಿಯುತ್ತೆ.

ಒಂದೇ ಬಟ್ಟೆ. ಒಗೆದ್ರೆ ಗುರಾಣಿ, ಒಗೆಯದಿದ್ರೆ ವಿಷದ ಪಟ್ಟಿ. ಮುಂದೆ ಬರೋದೆಲ್ಲ ಈ ಒಂದು ಮಾತಿನ ಸುತ್ತಾನೇ.

ಭಾಗ 4/10: ಮೊಲದ ಕಿವಿ, ಎರಡು ಟನ್ ಡಾಂಬರು

ಮಸಿಯೊಳಗೆ ಕೂತಿರೋ ಕಳ್ಳ ಯಾರು?

ಮೊದಲ ದೊಡ್ಡ ಸುಳಿವು ಸಿಕ್ಕಿದ್ದು ಟೋಕಿಯೊದಲ್ಲಿ. ಕತ್ಸುಸಬುರೊ ಯಮಗಿವ ಮತ್ತು ಕೊಯಿಚಿ ಇಚಿಕಾವ ಅನ್ನೋ ಇಬ್ಬರು ಮೊಲದ ಕಿವಿಗೆ ಕಲ್ಲಿದ್ದಲ ಡಾಂಬರನ್ನ ತಿಂಗಳುಗಟ್ಟಲೆ, ಬಿಡದೆ ಹಚ್ಚಿದ್ರು. ಬೇರೆಯವರು ಮಧ್ಯದಲ್ಲೇ ಕೈಬಿಟ್ಟ ಪ್ರಯೋಗ ಅದು. 1915ರಲ್ಲಿ ಕಿವಿಯ ಮೇಲೆ ಕ್ಯಾನ್ಸರ್ ಗಡ್ಡೆ ತೋರಿಸಿದ್ರು. ರಾಸಾಯನಿಕ ಹಚ್ಚಿ ಪ್ರಯೋಗಾಲಯದಲ್ಲೇ ಕ್ಯಾನ್ಸರ್ ಬರಿಸಿದ್ದು ಅದೇ ಮೊದಲು.

ಆಮೇಲೆ ಲಂಡನ್‌ನಲ್ಲಿ ಅರ್ನೆಸ್ಟ್ ಕೆನವೇ ತಂಡ ಡಾಂಬರಿನ ಒಳಗೆ ಹುಡುಕಾಡಿತು. ಗ್ಯಾಸ್ ಕಾರ್ಖಾನೆಯ ಎರಡು ಟನ್ ಗಟ್ಟಿ ಡಾಂಬರನ್ನ ಸೋಸಿ, ಬೇರ್ಪಡಿಸಿ, ಮತ್ತೆ ಬೇರ್ಪಡಿಸಿ, 1933ರಲ್ಲಿ ಒಂದಷ್ಟು ಹಳದಿ ಹರಳು ಕೈಗೆ ಬಂತು. ಹೆಸರು ಬೆಂಜೊಪೈರಿನ್. ಪಾಟ್‌ನಿಂದ ಇಲ್ಲಿಗೆ 158 ವರ್ಷ.

ಬೆಂಜೊಪೈರಿನ್ ಒಂಟಿಯಲ್ಲ, ಅದೊಂದು ದೊಡ್ಡ ಕುಟುಂಬದ ಮಗು. ಕುಟುಂಬದ ಹೆಸರು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್, ಚಿಕ್ಕದಾಗಿ ಪಿಎಎಚ್. ಸೌದೆ, ಕಲ್ಲಿದ್ದಲು, ಪ್ಲಾಸ್ಟಿಕ್, ಸೋಫಾ, ಏನೇ ಇರಲಿ, ಗಾಳಿ ಸಾಲದೆ ಅರೆಬರೆ ಸುಟ್ರೆ ಇವು ಹುಟ್ಟುತ್ತವೆ. ಎಲ್ಲವೂ ಒಂದೇ ಅಪಾಯದವಲ್ಲ, ಆದ್ರೆ ಕೆಲವು ಖಚಿತವಾಗಿ ಕ್ಯಾನ್ಸರ್‌ಕಾರಕ.

ಒಗೆಯೋದಕ್ಕೆ ಬೇಕಾದ ಒಂದು ಮುಖ್ಯ ಗುಣ ಇಲ್ಲಿದೆ. ಪಿಎಎಚ್‌ಗೆ ನೀರು ಕಂಡ್ರೆ ಆಗಲ್ಲ, ಜಿಡ್ಡು ಕಂಡ್ರೆ ಪ್ರೀತಿ. ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳ ಬರೀ ನೀರಿಗೆ ಬೆಳ್ಳಗಾಗುತ್ತಾ? ಇಲ್ಲ, ಬೂದಿಯೋ ಸೋಪೋ ಹಾಕಿ ತಿಕ್ಕಬೇಕು. ಇದೂ ಹಾಗೇ. ನಮ್ಮ ಚರ್ಮದ ಮೇಲೆ ಸಹಜವಾಗಿ ಎಣ್ಣೆಯ ಪಸೆ ಇರುತ್ತೆ, ಪಿಎಎಚ್ ಅದರಲ್ಲಿ ಕರಗಿ ಒಳಗಿಳಿಯುತ್ತೆ. ಅಂದ್ರೆ ಮಸಿ ಬರೀ ಮೂಗಿನಿಂದ ಹೋಗಲ್ಲ, ಚರ್ಮದಿಂದಲೂ ಹೋಗುತ್ತೆ. ಈ ಮಾತು ಫೈರ್‌ಫೈಟರ್‌ಗಳ ಕಿವಿಗೆ ಬೀಳೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು.

ಭಾಗ 5/10: ಹೊಗೆ ತಿನ್ನೋರು

ಈಗ ಅಮೆರಿಕಕ್ಕೆ ಹೋಗೋಣ. ಯಾಕೆ ಅಮೆರಿಕ? ಈ ಟೋಪಿಯನ್ನ ಒಗೆಯೋ ಬಗ್ಗೆ ನಾನು ಹೇಳಬೇಕಿರೋ ಪ್ರಯೋಗ ನಡೆದಿದ್ದು ಅಲ್ಲಿ.

ಅಲ್ಲಿ ಹಳೇ ಕಾಲದ ಫೈರ್‌ಮ್ಯಾನ್‌ಗಳಿಗೆ ಒಂದು ಬಿರುದು ಇತ್ತು, ಹೊಗೆ ತಿನ್ನೋರು ಅಂತ. ಮಾಸ್ಕ್ ಇಲ್ಲದೆ ಹೊಗೆಯೊಳಗೆ ನುಗ್ಗೋದು ಗಂಡಸ್ತನದ ಗುರುತು. ಉಸಿರಾಟದ ಸಿಲಿಂಡರ್ ಇತ್ತು, ಆದ್ರೆ ತುಂಬಾ ಭಾರ, ಬಳಸೋರು ಕಮ್ಮಿ. 1970ರ ದಶಕದಲ್ಲಿ ನಾಸಾ ತನ್ನ ರಾಕೆಟ್ ತಂತ್ರಜ್ಞಾನದಿಂದ ಹಗುರ ಸಿಲಿಂಡರ್ ಮಾಡಿಕೊಡ್ತು. ನ್ಯೂಯಾರ್ಕ್, ಹ್ಯೂಸ್ಟನ್, ಲಾಸ್ ಏಂಜಲೀಸ್‌ನಲ್ಲಿ ಪರೀಕ್ಷೆ ಆಯ್ತು. ಮುಂದೆ ಮೆಲ್ಲಗೆ ಮಾಸ್ಕ್ ಹಾಕೋದು ರೂಢಿಯಾಯ್ತು. ಶ್ವಾಸಕೋಶದ ಬಾಗಿಲು ಮುಚ್ಚಿತು.

ಕುತ್ತಿಗೆ, ಕಿವಿ ಮಾತ್ರ ಬಯಲಲ್ಲೇ. ಆಗ ಕಿವಿಯೇ ಥರ್ಮಾಮೀಟರ್. ಕಿವಿ ಚುರುಗುಟ್ಟಿತಾ, ಹಿಂದೆ ಸರಿ. ಇದನ್ನ ಹಿರಿಯರು ಕಿರಿಯರಿಗೆ ಪಾಠದ ಥರ ಹೇಳಿಕೊಡ್ತಿದ್ರು.

1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ನೊಮೆಕ್ಸ್ ಅನ್ನೋ ನೂಲು ತಂದಿತ್ತು. ಬೆಂಕಿ ತಾಗಿದ್ರೆ ಕರಗಿ ಮೈಗೆ ಅಂಟಲ್ಲ, ಕರಕಾಗಿ ನಿಲ್ಲುತ್ತೆ. ಕಾರ್ ರೇಸ್ ಡ್ರೈವರ್‌ಗಳು ಹೆಲ್ಮೆಟ್ ಒಳಗೆ ಹಾಕೋದು ಇದೇ ಥರದ್ದನ್ನ. 1980ರ ದಶಕದಿಂದ ಈಚೆಗೆ ಇಂಥ ನೂಲಿನ ಹುಡ್ ಫೈರ್‌ಫೈಟರ್‌ಗಳ ತಲೆಗೂ ಬಂತು. ಕಿವಿ ಸುಡೋದು ನಿಂತ್ರೆ ಅಪಾಯ ಹೇಗೆ ಗೊತ್ತಾಗುತ್ತೆ ಅಂತ ಹಿರಿಯರು ಗೊಣಗಿದ್ದೂ ಉಂಟು.

ಗಮನಿಸಿ, ಹುಡ್ ಮಾಡಿದ್ದು ಶಾಖ ತಡೆಯೋಕೆ. ಹೊಗೆ ತಡೆಯೋಕಲ್ಲ. ಕೋಟು, ಪ್ಯಾಂಟಿಗೆ ಮೂರು ಪದರ, ಮಧ್ಯೆ ನೀರು ತಡೆಯೋ ಹಾಳೆ. ಹುಡ್ ಮಾತ್ರ ಬನಿಯನ್ ಥರ ಹಿಗ್ಗೋ ತೆಳು ಹೆಣಿಗೆ. ಕೆಲಸ ಮುಗಿದ ಮೇಲೆ ಅದನ್ನ ಜೇಬಿಗೆ ತುರುಕೋದು, ಇಲ್ಲಾ ಕುತ್ತಿಗೆಗೆ ಇಳಿಬಿಟ್ಟುಕೊಂಡೇ ಕಾಫಿ ಕುಡಿಯೋದು. ಕರ್ರಗಾದ ಹೆಲ್ಮೆಟ್, ಮಸಿ ಮೆತ್ತಿದ ಕೋಟು ಅಂದ್ರೆ ಅನುಭವದ ಪದಕ. ಹೊಸ ಹುಡುಗನ ಬಟ್ಟೆ ಮಾತ್ರ ಕ್ಲೀನ್ ಆಗಿರುತ್ತೆ ಅಂತ ತಮಾಷೆ.

ನನ್ನ ಸ್ಟೋರಿ ಕೂಡ ಆ ತಮಾಷೆಯ ಮುಂದುವರಿಕೆಯೇ ಆಗಿತ್ತು.

ಭಾಗ 6/10: ಹೊಳೆದ ಕುತ್ತಿಗೆ

ಎಲ್ಲ ಚರ್ಮವೂ ಒಂದೇ ಅಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಅನ್ನೋ ಸಂಶೋಧಕರು ಹೈಡ್ರೋಕಾರ್ಟಿಸೋನ್ ಅನ್ನೋ ಔಷಧಿಯನ್ನ ದೇಹದ ಬೇರೆಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗಿಳಿಯುತ್ತೆ ಅಂತ ಅಳೆದ್ರು. ಮುಂಗೈಯಲ್ಲಿ ಇಳಿದದ್ದನ್ನ 1 ಅಂತಿಟ್ಕೊಂಡ್ರೆ, ನೆತ್ತಿಯಲ್ಲಿ 3.5, ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13. ವೃಷಣಚೀಲದಲ್ಲಿ? 42.

ಪಾಟ್ ನೋಡಿದ ಕ್ಯಾನ್ಸರ್ ಯಾಕೆ ಅಲ್ಲೇ ಬರ್ತಿತ್ತು ಅನ್ನೋದಕ್ಕೆ ಇಲ್ಲೊಂದು ಸುಳಿವು ಇದೆ. ಔಷಧಿ ಬೇರೆ, ಮಸಿ ಬೇರೆ, ಪ್ರತಿ ರಾಸಾಯನಿಕಕ್ಕೂ ಲೆಕ್ಕ ಬದಲಾಗುತ್ತೆ. ಆದ್ರೂ ಒಂದಂತೂ ನಿಜ, ಹುಡ್ ಮುಚ್ಚೋ ದವಡೆ, ಕುತ್ತಿಗೆಯ ಚರ್ಮ ಗಟ್ಟಿ ಬಾಗಿಲಲ್ಲ. ಅದರ ಮೇಲೆ ಬೆವರು, ಬಿಸಿ ಬೇರೆ.

2015ರಲ್ಲಿ ಅಮೆರಿಕದ ಫೈರ್‌ಫೈಟರ್‌ಗಳ ಯೂನಿಯನ್ ಮತ್ತು ಆರ್‌ಟಿಐ ಸಂಸ್ಥೆ ಒಂದು ಪರೀಕ್ಷೆ ಮಾಡಿಸಿದ್ವು. ಪೂರ್ತಿ ಗೇರ್ ಹಾಕಿದ ವ್ಯಕ್ತಿಯನ್ನ ಒಂದು ಕೋಣೆಗೆ ಕಳಿಸಿ, ಅಲ್ಲಿ ಹೊಗೆಯ ಬದಲು ಹೊಳೆಯೋ ಪುಡಿ ಹರಡಿದ್ರು. ಹೊರಗೆ ಬಂದು ಗೇರ್ ಬಿಚ್ಚಿದ ಮೇಲೆ ಕಪ್ಪು ದೀಪದ ಕೆಳಗೆ ನಿಲ್ಲಿಸಿದ್ರು. ಮಾಸ್ಕಿನ ಒಳಗಿದ್ದ ಮುಖ ಕತ್ತಲು. ಅದರ ಸುತ್ತ ದವಡೆ, ಕುತ್ತಿಗೆ ಹೊಳೀತಾ ಇತ್ತು. ಹುಡ್ ಇದ್ದ ಜಾಗವೇ ಅದು. ಮೇಲಿನ ಚಿತ್ರ ನಾನು ಬಿಡಿಸಿದ್ದು, ಹೊಳಪಿಗೆ ಹೈಲೈಟರ್ ಬಳಸಿದ್ದೀನಿ.

ಇದಕ್ಕೂ ಮುಂಚೆ, 2013ರಲ್ಲಿ, ಅಮೆರಿಕ ಸರ್ಕಾರದ ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಯಾಶ್ ಒಂದು ದೊಡ್ಡ ಲೆಕ್ಕ ಹೊರಗಿಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೊ, ಷಿಕಾಗೊ, ಫಿಲಡೆಲ್ಫಿಯಾ ನಗರಗಳ ಸುಮಾರು 30,000 ಫೈರ್‌ಫೈಟರ್‌ಗಳು, 1950ರಿಂದ 2009ರವರೆಗೆ. ಸಾಮಾನ್ಯ ಜನಕ್ಕೆ ಹೋಲಿಸಿದ್ರೆ ಇವರಲ್ಲಿ ಕ್ಯಾನ್ಸರ್ ಪತ್ತೆಯಾಗೋದು 9% ಹೆಚ್ಚು, ಕ್ಯಾನ್ಸರಿಂದ ಸಾವು 14% ಹೆಚ್ಚು.

ಎಲ್ಲಕ್ಕೂ ಟೋಪಿಯೇ ಕಾರಣ ಅಂತ ಇದರರ್ಥ ಅಲ್ಲ. ಹಳೇ ಕಟ್ಟಡಗಳ ಕಲ್ನಾರು ಇದೆ, ಡೀಸೆಲ್ ಹೊಗೆ ಇದೆ, ನಿದ್ದೆಗೆಟ್ಟ ರಾತ್ರಿಪಾಳಿ ಇದೆ. ಆದ್ರೆ ಸುಲಭವಾಗಿ ಸರಿಪಡಿಸಬಹುದಾದ ತೂತು ಯಾವುದು ಅಂತ ಹುಡುಕಿದಾಗ ಎಲ್ಲರ ಕಣ್ಣು ಹೋಗಿದ್ದು ಕುತ್ತಿಗೆ ಮೇಲೆ.

ಭಾಗ 7/10: ಸೋಫಾದೊಳಗಿನ ಕಥೆ

ಇಲ್ಲೊಂದು ಅಡ್ಡದಾರಿ ಹಿಡಿಯಲೇಬೇಕು. ಇದಿಲ್ಲದೆ ಒಗೆಯೋ ಪ್ರಯೋಗದ ಫಲಿತಾಂಶ ಅರ್ಥವಾಗಲ್ಲ.

20ನೇ ಶತಮಾನದ ಕೊನೆಗೆ ಅಮೆರಿಕದ ಮನೆಗಳಲ್ಲಿ ಹತ್ತಿ, ಉಣ್ಣೆ ಹೋಗಿ ಫೋಮ್ ಬಂತು. ಫೋಮ್ ಅಂದ್ರೆ ಗಟ್ಟಿಯಾದ ಪೆಟ್ರೋಲ್ ಇದ್ದ ಹಾಗೆ, ಧಗ್ ಅಂತ ಉರಿಯುತ್ತೆ. ಬೆಂಕಿಗೆ ಮುಖ್ಯ ಕಾರಣಗಳಲ್ಲಿ ಒಂದು, ಸೋಫಾ ಮೇಲೆ ಬಿದ್ದ ಸಿಗರೇಟು. ತಾನಾಗೇ ಆರೋ ಸಿಗರೇಟು ಮಾಡಿ ಅನ್ನೋ ಒತ್ತಾಯ ಬಂದಾಗ ತಂಬಾಕು ಕಂಪನಿಗಳಿಗೆ ಅದು ಬೇಕಿರಲಿಲ್ಲ. ಪೀಠೋಪಕರಣಕ್ಕೇ ಬೆಂಕಿ ತಡೆಯೋ ರಾಸಾಯನಿಕ ಹಾಕಲಿ ಅನ್ನೋ ಮಾತಿಗೆ ಅವು ತೆರೆಮರೆಯಲ್ಲಿ ಗಾಳಿ ಹಾಕಿದ್ವು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 2012ರಲ್ಲಿ ಇದನ್ನೆಲ್ಲ ಬಯಲಿಗೆ ಎಳೀತು.

1975ರಲ್ಲಿ ಕ್ಯಾಲಿಫೋರ್ನಿಯಾ ಒಂದು ನಿಯಮ ತಂದಿತ್ತು: ಸೋಫಾದ ಫೋಮ್ ಸಣ್ಣ ಜ್ವಾಲೆಯನ್ನ 12 ಸೆಕೆಂಡ್ ತಡೀಬೇಕು. ಒಂದು ರಾಜ್ಯಕ್ಕೆ ಬೇರೆ, ಉಳಿದವಕ್ಕೆ ಬೇರೆ ಸೋಫಾ ಮಾಡೋರು ಯಾರು? ದೇಶದ ತುಂಬಾ ಫೋಮಿಗೆ ರಾಸಾಯನಿಕ ಬಂತು. ಅದರಲ್ಲಿ ಪ್ರಸಿದ್ಧವಾದ ಗುಂಪು ಪಿಬಿಡಿಇ, ಬ್ರೋಮಿನ್ ಇರೋ ಸಂಯುಕ್ತಗಳು.

ಅವು ಫೋಮಿನಲ್ಲೇ ಉಳೀಲಿಲ್ಲ. ಧೂಳಿಗೆ ಬಂದ್ವು, ತಾಯಿಯ ಹಾಲಿನಲ್ಲೂ ಸಿಕ್ಕಿದ್ವು. ದೇಹದಿಂದ ಬೇಗ ಹೋಗಲ್ಲ, ಮಣ್ಣಲ್ಲಿ ಕೊಳೆಯಲ್ಲ. 2004ರ ಕೊನೆಗೆ ಅಮೆರಿಕದಲ್ಲಿ ಎರಡು ಮುಖ್ಯ ಬಗೆಯ ತಯಾರಿಕೆ ನಿಂತಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿದ್ವು. ಜಾಗಕ್ಕೆ ಬೇರೆ ಬ್ರೋಮಿನ್ ಸಂಯುಕ್ತಗಳು, ರಂಜಕದ ಸಂಯುಕ್ತಗಳು ಬಂದ್ವು. ಕ್ಯಾಲಿಫೋರ್ನಿಯಾ ತನ್ನ ನಿಯಮ ಬದಲಿಸಿದ್ದು 2013ರಲ್ಲಿ.

ವ್ಯಂಗ್ಯ ನೋಡಿ. ಬೆಂಕಿ ತಡೆಯಲಿ ಅಂತ ಹಾಕಿದ ವಸ್ತು, ಮನೆ ಹತ್ತಿ ಉರಿದಾಗ ಹೊಗೆಯಲ್ಲಿ ಎದ್ದು, ಬೆಂಕಿ ಆರಿಸೋಕೆ ಬಂದವನ ಟೋಪಿಯಲ್ಲೇ ಕೂರುತ್ತೆ. ಚಿಮಣಿ ಹುಡುಗನ ಕಾಲದಲ್ಲಿ ಬರೀ ಮಸಿ ಇತ್ತು. ಈಗ ಮಸಿ ಜೊತೆ ಇದೂ.

ಭಾಗ 8/10: ಒಬ್ಬರ ಟೋಪಿ ಒಗೆದ್ರು, ಇನ್ನೊಬ್ಬರದ್ದು ಬಿಟ್ರು

ಈಗ ನಮ್ಮ ಅಕ್ಕ ಕೇಳಿದ ಪ್ರಶ್ನೆಗೆ ಬಂದ್ವಿ. ಒಗೆದ್ರೆ ನಿಜವಾಗಿ ಹೋಗುತ್ತಾ?

ಉತ್ತರ ಹುಡುಕಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಅಗ್ನಿಶಾಮಕ ತರಬೇತಿ ಸಂಸ್ಥೆ, ನಯಾಶ್ ವಿಜ್ಞಾನಿಗಳು ಮತ್ತು ಜೊತೆಗಾರರು. ಪ್ರಯೋಗಕ್ಕೆ ಅಂತಾನೇ ಕಟ್ಟಿದ ಒಂದು ಮನೆ. ಒಳಗೆ ಈ ಕಾಲದ ಹಾಸಿಗೆ, ಕುರ್ಚಿ, ಕಾರ್ಪೆಟ್. ಬೇಕಂತಲೇ ಬೆಂಕಿ ಕೊಟ್ರು. 12 ಜನರ ತಂಡ, ಇಬ್ಬಿಬ್ಬರ ಜೋಡಿ. ಒಂದು ಜೋಡಿ ಪೈಪ್ ಹಿಡಿದು ಒಳಗೆ, ಒಂದು ಜೋಡಿ ಒಳಗೆ ಸಿಕ್ಕಿಬಿದ್ದವರನ್ನ ಹುಡುಕೋಕೆ, ಒಂದು ಹೊರಗೆ, ಹೀಗೆ. ಜೋಡಿಯ ಇಬ್ಬರಿಗೂ ಒಂದೇ ಕೆಲಸ, ಒಂದೇ ಹೊಗೆ.

ವ್ಯತ್ಯಾಸ ಇಷ್ಟೇ: ಪ್ರತಿ ಬೆಂಕಿಯ ನಂತರ ಜೋಡಿಯಲ್ಲಿ ಒಬ್ಬರ ಹುಡ್ ಒಗೆದ್ರು, ಇನ್ನೊಬ್ಬರದ್ದು ಹಾಗೇ ಬಿಟ್ರು. ಬಟ್ಲಿನ್ ದೇಶದೇಶಗಳ ನಡುವೆ ಮಾಡಿದ ಹೋಲಿಕೆಯನ್ನ ಇವರು ಅಕ್ಕಪಕ್ಕ ನಿಂತ ಇಬ್ಬರ ನಡುವೆ ಮಾಡಿದ್ರು. ನನಗೆ ಈ ಸರಳತೆ ತುಂಬಾ ಹಿಡಿಸ್ತು.

ಕೊನೆಗೆ ಐದು ಜೋಡಿಯ ಹುಡ್‌ಗಳಿಂದ ಬಟ್ಟೆಯ ತುಂಡು ಕತ್ತರಿಸಿ, ಅದರಲ್ಲಿ ಏನೇನು ಉಳಿದಿದೆ ಅಂತ ಅಳೆದ್ರು. ನಾಲ್ಕು ಗುಂಪು: ಪಿಎಎಚ್, ರಂಜಕದ ಬೆಂಕಿತಡೆ ರಾಸಾಯನಿಕ, ಹಳೇ ಪಿಬಿಡಿಇ, ಅದರ ಜಾಗಕ್ಕೆ ಬಂದ ಹೊಸ ಬ್ರೋಮಿನ್ ಸಂಯುಕ್ತಗಳು.

ಐದು ಜೋಡಿ ಅಂದ್ರೆ ಚಿಕ್ಕ ಸಂಖ್ಯೆ, ಒಪ್ತೀನಿ. ಆದ್ರೆ ಬೆಂಕಿ, ಕೆಲಸ, ಹೊಗೆ ಎಲ್ಲ ಒಂದೇ ಇದ್ದಾಗ ಚಿಕ್ಕ ಸಂಖ್ಯೆಯೂ ಮಾತಾಡುತ್ತೆ. ಫಲಿತಾಂಶ 2019ರಲ್ಲಿ ಪ್ರಕಟವಾಯ್ತು. ಓದೋ ಮುಂಚೆ ನೀವೇ ಊಹಿಸಿ: ಒಗೆದ ಟೋಪಿಯಲ್ಲಿ ನಾಲ್ಕೂ ಕಮ್ಮಿ ಆಗಿರುತ್ತಾ?

ಭಾಗ 9/10: ಬಣ್ಣ ಬಿಡೋ ಬಟ್ಟೆ

ಮೂರು ಗುಂಪು ಕಮ್ಮಿ ಆಗಿದ್ವು, ಚೆನ್ನಾಗೇ ಕಮ್ಮಿ. ಒಗೆದ ಹುಡ್‌ಗಳಲ್ಲಿ ಪಿಎಎಚ್, ರಂಜಕದ ಸಂಯುಕ್ತ, ಹೊಸ ಬ್ರೋಮಿನ್ ಸಂಯುಕ್ತ ಸರಾಸರಿ 56ರಿಂದ 81% ಕಡಿಮೆ.

ನಾಲ್ಕನೇದು ಉಲ್ಟಾ. ಪಿಬಿಡಿಇ ಒಗೆದ ಹುಡ್‌ನಲ್ಲೇ ಸರಾಸರಿ 43% ಹೆಚ್ಚು!

ಒಗೆದದ್ದರಲ್ಲಿ ಹೆಚ್ಚಾಗೋದು ಹೇಗೆ ಅಂತ ತಲೆ ಕೆರ್ಕೊಂಡೆ. ಆಮೇಲೆ ನಮ್ಮ ಮನೆ ಬಕೆಟ್ ನೆನಪಾಯ್ತು. ಹೊಸ ಕೆಂಪು ಬಟ್ಟೆ ಜೊತೆ ಬಿಳಿ ಯೂನಿಫಾರ್ಮ್ ನೆನೆಹಾಕಿ ಅಮ್ಮನ ಹತ್ರ ಬೈಸಿಕೊಳ್ಳದೋರು ಯಾರಿದ್ದೀರಿ? ಕೆಂಪು ಬಟ್ಟೆಯ ಬಣ್ಣ ಬಿಳಿಗೆ ಹತ್ತುತ್ತೆ. ಇದೂ ಬಹುತೇಕ ಅದೇ. ಒಂದೇ ಮೆಷಿನ್, ಒಂದೇ ನೀರು. ಒಂದು ಬಟ್ಟೆ ಬಿಟ್ಟಿದ್ದನ್ನ ಇನ್ನೊಂದು ಹೀರಿಕೊಂಡಿದೆ. ಬಣ್ಣವಾದ್ರೆ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ, ಅಷ್ಟೇ ವ್ಯತ್ಯಾಸ.

ವಿಜ್ಞಾನಿಗಳು ಇದನ್ನ ಬಿಡದೆ ಮುಂದೆ ಹೋದ್ರು. ಒಗೆಯದೆ ಉಳಿಸಿದ್ದ ಹುಡ್‌ಗಳಲ್ಲಿ ನಾಲ್ಕನ್ನ ಬೇರೆ ಕೊಳಕು ಹುಡ್‌ಗಳ ಜೊತೆ, ಜೊತೆಗೆ ಬೆಂಕಿಯನ್ನೇ ನೋಡದ ಹೊಚ್ಚಹೊಸ ಹುಡ್‌ಗಳ ಜೊತೆ ಒಗೆದ್ರು. ಪಿಎಎಚ್ ವಿಷಯದಲ್ಲಿ ಒಳ್ಳೇ ಸುದ್ದಿ, ಕೊಳಕು ಹುಡ್‌ಗಳಲ್ಲಿ 76% ಇಳೀತು, ಒಂದರಿಂದ ಇನ್ನೊಂದಕ್ಕೆ ಹೋಗಿದ್ದಕ್ಕೆ ಹೆಚ್ಚು ಸಾಕ್ಷಿ ಇಲ್ಲ. ಆದ್ರೆ ಬೆಂಕಿತಡೆ ರಾಸಾಯನಿಕ ಹೊಸ ಹುಡ್‌ಗಳಿಗೂ ಹತ್ತಿತ್ತು. ಒಮ್ಮೆಯೂ ಬೆಂಕಿಗೆ ಹೋಗದ ಟೋಪಿ, ವಾಷಿಂಗ್ ಮೆಷಿನ್‌ಗೆ ಹೋಗಿಯೇ ಕೊಳೆಯಾಯ್ತು.

ಹಾಗಾದ್ರೆ ಬಿಸಿ ನೀರು, ಬ್ಲೀಚ್ ಹಾಕಿ ಕುಕ್ಕಿ ಒಗೆಯೋಣ ಅಂತೀರಾ? ಅದೂ ಆಗಲ್ಲ. ಅಮೆರಿಕದ ಎನ್‌ಎಫ್‌ಪಿಎ 1851 ಅನ್ನೋ ಮಾನದಂಡದ ಪ್ರಕಾರ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಕ್ಲೋರಿನ್ ಬ್ಲೀಚ್ ಮುಟ್ಟಬಾರದು. ಬೆಂಕಿ ತಡೆಯೋ ನೂಲೇ ಹಾಳಾಗುತ್ತೆ. ನಮ್ಮಲ್ಲಿ ಒಗೆದ ಬಟ್ಟೆಯನ್ನ ಚುರುಕು ಬಿಸಿಲಿಗೆ ಹರವಿದ್ರೇ ಸಮಾಧಾನ. ಈ ನೂಲಿಗೆ ಬಿಸಿಲೂ ಶತ್ರು, ನೆರಳಲ್ಲೇ ಒಣಗಬೇಕು. ಮನೆಯ ಮೆಷಿನ್‌ಗೆ ಹಾಕೋದಂತೂ ಬೇಡವೇ ಬೇಡ. ಯಾಕೆ ಅಂತ ಈಗ ನಿಮಗೇ ಗೊತ್ತು. ಮುಂದಿನ ಸರದಿ ಮಗುವಿನ ಬಟ್ಟೆಯದ್ದಾದ್ರೆ?

ಭಾಗ 10/10: ಹಾಗಾದ್ರೆ ಒಗೆಯೋದು ದಂಡವಾ?

ಅಲ್ಲ. ಇದನ್ನ ತಪ್ಪು ತಿಳ್ಕೋಬೇಡಿ. 56ರಿಂದ 81% ಕಡಿಮೆ ಅನ್ನೋದು ಸಣ್ಣ ವಿಷಯ ಅಲ್ಲ. ಒಗೆಯದ ಟೋಪಿ ಪ್ರತಿ ಬೆಂಕಿಗೂ ಇನ್ನಷ್ಟು ತುಂಬಿಕೊಳ್ಳುತ್ತೆ, ಮತ್ತೆ ಅದೇ ದವಡೆಗೆ ಒತ್ತಿ ಕೂರುತ್ತೆ. ಬಟ್ಲಿನ್ ಕಾಲದ ಪಾಠ ಹಾಗೇ ನಿಂತಿದೆ. ಅದಕ್ಕೆ ಒಂದು ಸಾಲು ಸೇರಿದೆ ಅಷ್ಟೇ: ಒಗೆದ್ರೆ ಸಾಲದು, ಯಾವಾಗ, ಎಲ್ಲಿ, ಯಾವುದರ ಜೊತೆ ಒಗೀತೀವಿ ಅನ್ನೋದೂ ಮುಖ್ಯ.

ಅದೇ ಇಲಿನಾಯ್ ತಂಡ ಇನ್ನೊಂದು ಲೆಕ್ಕ ಕೊಟ್ಟಿತ್ತು. ಬೆಂಕಿ ಆರಿದ ಜಾಗದಲ್ಲೇ, ಗೇರ್ ಬಿಚ್ಚೋ ಮುಂಚೆ, ಸೋಪು ನೀರು ಹಾಕಿ ಬ್ರಷ್‌ನಿಂದ ಕೋಟು ತಿಕ್ಕಿದ್ರೆ ಮೇಲಿನ ಪಿಎಎಚ್ ಸುಮಾರು 85% ಹೋಗುತ್ತೆ. ಒಣ ಬ್ರಷ್‌ಗೆ 23% ಮಾತ್ರ. ಒದ್ದೆ ವೈಪ್‌ನಿಂದ ಕುತ್ತಿಗೆ ಒರೆಸಿಕೊಂಡ್ರೆ ಚರ್ಮದ ಮೇಲಿನ ಪಿಎಎಚ್ ಸುಮಾರು 54% ಇಳಿಯುತ್ತೆ. ರಾಕೆಟ್ ವಿಜ್ಞಾನ ಏನಿಲ್ಲ. 1778ರ ಡೆನ್ಮಾರ್ಕಿನವರು ನೋಡಿದ್ರೆ ತಲೆ ಆಡಿಸ್ತಿದ್ರು.

ಈಗ ಅಲ್ಲಿ ಹಲವು ಠಾಣೆಗಳು ಒಬ್ಬೊಬ್ಬರಿಗೆ ಎರಡು ಹುಡ್ ಕೊಡ್ತವೆ. ಒಂದು ಒಗೆಯೋಕೆ ಹೋದಾಗ ಇನ್ನೊಂದು ತಲೆಗೆ. ಹೊಗೆಯ ಕಣ ತಡೆಯೋ ಪದರ ಇರೋ ಹೊಸ ಹುಡ್‌ಗಳಿಗೆ 2018ರ ಮಾನದಂಡದಲ್ಲಿ ಜಾಗ ಸಿಕ್ಕಿತು. 2022ರ ಜೂನ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಫೈರ್‌ಫೈಟರ್ ಕೆಲಸವನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಅನ್ನೋ ಮೊದಲ ಗುಂಪಿಗೆ ಸೇರಿಸಿತು. ತಂಬಾಕು, ಕಲ್ನಾರು ಇರೋ ಪಟ್ಟಿ ಅದು. ಚಿಮಣಿಯ ಮಸಿಯೂ ಅದೇ ಪಟ್ಟಿಯಲ್ಲಿದೆ. 1775ರ ಹುಡುಗ, 2022ರ ಫೈರ್‌ಫೈಟರ್, ಇಬ್ಬರೂ ಒಂದೇ ಪುಟಕ್ಕೆ ಬಂದು ನಿಂತ್ರು.

ಆದ್ರೂ ನನ್ನನ್ನ ಕಾಡೋದು ಪಿಬಿಡಿಇಯೇ. ಪಿಎಎಚ್ ಬೆಂಕಿ ಹುಟ್ಟಿಸೋ ವಿಷ, ಬೆಂಕಿ ಇರೋವರೆಗೂ ಇರುತ್ತೆ. ಪಿಬಿಡಿಇ ಹಾಗಲ್ಲ. ಯಾರೋ ಒಂದು ಮೀಟಿಂಗ್‌ನಲ್ಲಿ ಕೂತು ಸೋಫಾಕ್ಕೆ ಹಾಕೋಣ ಅಂತ ತೀರ್ಮಾನಿಸಿದ್ದು. ಹಾಕಿದವರು ಒಂದು ಕಡೆ, ಲಾಭ ಮಾಡಿದವರು ಒಂದು ಕಡೆ, ಒಗೆದು ಒಗೆದು ಸುಸ್ತಾಗೋರು ಮತ್ತೊಂದು ಕಡೆ. ಮೆಷಿನ್ ತೆಗೆಯಲಾರದ್ದನ್ನ ಕಾನೂನು ಮೊದಲೇ ತಡೀಬೇಕಿತ್ತು.

ನಮ್ಮ ಪಾಲಿನದ್ದೂ ಒಂದಿದೆ. ಮಸಿ ಮೆತ್ತಿದ ಮುಖಕ್ಕೆ ಹಾರ್ಟ್ ಒತ್ತೋ ನಾವೂ ಆ ಹಳೇ ಪದಕವನ್ನ ಹೊಳಪು ಮಾಡ್ತೀವಿ. ಕ್ಲೀನ್ ಆಗಿರೋ ಫೈರ್‌ಫೈಟರ್ ಫೋಟೊ ನಮಗೆ ಬೋರು. ಕೊಳೆಯನ್ನ ಧೈರ್ಯ ಅಂತ ನೋಡೋ ಕಣ್ಣು ಇರೋವರೆಗೆ, ಟೋಪಿ ಒಗೆಯೋಕೆ ಹಾಕೋ ಹುಡುಗನನ್ನ ಠಾಣೆಯಲ್ಲಿ ಯಾರಾದ್ರೂ ರೇಗಿಸ್ತಾನೇ ಇರ್ತಾರೆ.

ಆ ಸ್ಟೋರಿ ಹೈಲೈಟ್‌ನಲ್ಲಿ ಹಾಗೇ ಇದೆ. ಮೇಲಿನ ಬರಹ ಮಾತ್ರ ಬದಲಿಸಿದ್ದೀನಿ: "ಟೋಪಿ ಒಗೆಯೋಕೆ ಹಾಕಿ, ಸಾರ್. ನಾಳೆ ಮತ್ತೆ ಬೇಕಾಗುತ್ತೆ."

ಅಕ್ಕ ಈ ಸಲ ಹಾರ್ಟ್ ಒತ್ತಿದ್ದಾರೆ.

ಹತ್ತೂ ಭಾಗ ಓದಿದವರು ಕಾಮೆಂಟಲ್ಲಿ ಒಂದು ಮಾತು ಬರೀರಿ. ನಿಮ್ಮ ಮನೇಲಿ, ಸುತ್ತಮುತ್ತ, ಕೊಳೆ ಬಟ್ಟೆಯನ್ನೇ ಹೆಮ್ಮೆ ಅಂದುಕೊಂಡಿರೋ ಕೆಲಸ ಇನ್ಯಾವುದಿದೆ? ಗ್ಯಾರೇಜು, ಪೇಂಟಿಂಗ್, ಹೊಲಕ್ಕೆ ಔಷಧಿ ಹೊಡೆಯೋದು? ಅವರ ಬಟ್ಟೆ ಯಾರು ಒಗೀತಾರೆ, ಯಾವುದರ ಜೊತೆ ಒಗೀತಾರೆ ಅಂತ ಒಂದ್ಸಲ ಕೇಳಿ ನೋಡಿ.

#ಕನ್ನಡದಲ್ಲಿ_ಚರಿತ್ರೆ #ಮಸಿಯ_ಚರಿತ್ರೆ #ಅಗ್ನಿಶಾಮಕ #ಓದಿ_ಶೇರ್_ಮಾಡಿ